ಪುಟ್ಟೀ, ಆ ಪಿಂಕ್ ಸಿರಪ್ ಮುಟ್ಬೇಡ

ಪುಟ್ಟೀ, ನಾನು ದೊಡ್ಡಮ್ಮ. ಪೂಜೆ ಮುಗಿಸಿ ಈಗ ಫೋನ್ ತೆಗೆದ್ರೆ ಗ್ರೂಪಲ್ಲಿ ನಲವತ್ತು ಮೆಸೇಜು. ಕನ್ನಡಕ ಎಲ್ಲೋ ಇಟ್ಟು ಮರ್ತಿದೀನಿ, ಟೈಪ್ ಮಾಡೋಕಾಗಲ್ಲ, ಮಾತಾಡೇ ಕಳಿಸ್ತೀನಿ. ಉದ್ದ ಆದ್ರೂ ಪೂರ್ತಿ ಕೇಳು, ನಿಮ್ಮಮ್ಮನ ಥರ ಓಡಿಸಿ ಓಡಿಸಿ ಕೇಳ್ಬೇಡ.

ನಿನ್ನೆ ರಾತ್ರಿಯಿಂದ ನಿಮ್ಮ ಗಿನಿಪಿಗ್ ಗುಂಡ ಏನೂ ತಿಂತಿಲ್ಲ, ಹಿಕ್ಕೇನೂ ಹಾಕಿಲ್ಲ, ಮೈಕೂದಲು ನಿಮಿರಿಸ್ಕೊಂಡು ಮೂಲೇಲಿ ಕೂತಿದಾನೆ ಅಂತ ಬರ್ದಿದ್ದೀಯ. ಪಾಪುಗೆ ಗಂಟಲು ನೋವು ಬಂದಾಗ ಕೊಟ್ಟ ಆಂಟಿಬಯೋಟಿಕ್ ಸಿರಪ್ ಫ್ರಿಜ್ಜಲ್ಲಿ ಮಿಕ್ಕಿದೆ, ಎರಡು ಹನಿ ಹಾಕ್ಲಾ ಅಂತ ಕೇಳಿದ್ದೀಯ. ಅದಕ್ಕೆ ನಿಮ್ಮ ಹಾಸನದ ಮಾವ "ಹಾಕು, ಏನೂ ಆಗಲ್ಲ" ಅಂತ ಬರ್ದು ಮೇಲೊಂದು ಹೆಬ್ಬೆಟ್ಟು ಬೇರೆ ಒತ್ತಿದಾನೆ.

ಹಾಕ್ಬೇಡ ಕಣೇ. ಒಂದು ಹನೀನೂ ಹಾಕ್ಬೇಡ. ಆ ಬಾಟ್ಲಿನ ಮೊದಲು ಫ್ರಿಜ್ಜಿಂದ ತೆಗೆದು ಸಿಂಕಿಗೆ ಸುರಿ, ಆಮೇಲೆ ಬಂದು ಮುಂದಿಂದು ಕೇಳು.

ನಮ್ಮ ಗಿನಿಪಿಗ್ ಚುಕ್ಕಿ ಎಲ್ರಿಗೂ ನೆನಪಿದೆಯಲ್ಲ. ಕಂದು ಮೈ, ಹಣೇಲಿ ಬಿಳಿ ಬೊಟ್ಟು. ನನ್ನ ಮಗ ಪುಣೆಗೆ ಹೋಗೋವಾಗ "ಎರಡೇ ತಿಂಗಳು ಅಮ್ಮಾ" ಅಂತ ಬಿಟ್ಟು ಹೋದ. ಎರಡು ತಿಂಗಳು ಅಂದಿದ್ದು ಎರಡು ವರ್ಷ ಆಯ್ತು, ಅದು ನಮ್ಮನೆ ಮಗೂನೇ ಆಗೋಯ್ತು. ಫ್ರಿಜ್ ಬಾಗಿಲು ತೆಗೆದ್ರೆ ಸಾಕು, ಹಾಲಿನ ಕವರ್ ಸರಕ್ ಅಂದ್ರೆ ಸಾಕು, ಪಂಜರದಿಂದ ವೀಕ್ ವೀಕ್ ವೀಕ್ ಅಂತ ಶುರು. ನಮ್ಮನೆಯವರಿಗೆ ಮೊದಮೊದಲು ಇಲಿ ಇಲಿ ಅಂತ ಅಸಹ್ಯ, ಆಮೇಲೆ ನೋಡಿದ್ರೆ ಕಾಫಿಗೆ ಅದ್ದಿದ ಬಿಸ್ಕತ್ತು ಅದಕ್ಕೂ ಅರ್ಧ. ನಾನೂ ಅಷ್ಟೇ, ಬ್ರೆಡ್ಡು, ಚಪಾತಿ ಚೂರು, ಎಲೆಕೋಸು. ಪ್ರೀತಿ ಅಂದ್ಕೊಂಡು ಹಾಕಿದ್ದೇ ಹಾಕಿದ್ದು. ಅದರ ಹೊಟ್ಟೆ ನಡೆಯೋದೇ ಹುಲ್ಲಿನ ಮೇಲೆ, ತಿನ್ನೋದ್ರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಒಣಹುಲ್ಲೇ ಇರ್ಬೇಕು ಅಂತ ಮಾರಿದ ಅಂಗಡಿಯವನೂ ಮಗನಿಗೆ ಹೇಳಿರಲಿಲ್ಲ. ಸಂಕಷ್ಟಿ ದಿನ ಗಣಪತಿಗೆ ಗರಿಕೆ ತರ್ತಿದ್ನಲ್ಲ, ಪಂಜರದ ಸರಳು ಹಿಡ್ಕೊಂಡು ಆ ಗರಿಕೇನೇ ನೋಡ್ತಿತ್ತು. ನಾನು ಮಾರನೇ ದಿನ ಅದನ್ನೆಲ್ಲ ದಾಸವಾಳದ ಬುಡಕ್ಕೆ ಹಾಕ್ತಿದ್ದೆ! ಈಗಲೂ ಗರಿಕೆ ಕಟ್ಟು ಕೈಗೆ ಬಂದ್ರೆ ಅದೇ ನೆನಪಾಗೋದು.

2018ರ ಬೇಸಿಗೆ ರಜ. ಇದೇ ನಿನ್ನ ಗುಂಡನ ಥರಾನೇ, ಒಂದು ದಿನ ತಿನ್ನೋದು ಬಿಡ್ತು. ಸೌತೆಕಾಯಿ ಮೂಗಿನ ಹತ್ರ ಹಿಡಿದ್ರೂ ಮುಖ ತಿರುಗಿಸ್ತು. ಕಟಕಟ ಅಂತ ಹಲ್ಲು ಕಡೀತಿತ್ತು, ಅದು ನೋವಿಗೆ ಅಂತ ನಂಗೆಲ್ಲಿ ಗೊತ್ತು, ಏನೋ ಅಗೀತಿದೆ ಅಂದ್ಕೊಂಡೆ. ಇಲ್ಲಿ ಒಂದು ಕ್ಲಿನಿಕ್ಕಿಗೆ ಫೋನ್ ಮಾಡಿದ್ರೆ "ನಾವು ನಾಯಿ, ಬೆಕ್ಕು ಮಾತ್ರ ನೋಡೋದಮ್ಮ" ಅಂದ್ರು. ಮೊಮ್ಮಗಳ ಸಿರಪ್ ಇತ್ತು, ಅಮೋಕ್ಸಿಸಿಲಿನ್, ಗುಲಾಬಿ ಬಣ್ಣ, ಸ್ಟ್ರಾಬೆರಿ ವಾಸನೆ. ಐದು ತಿಂಗಳ ಕೂಸಿಗೇ ಕೊಡ್ತಾರಂತೆ, ಇದಕ್ಕೇನಾಗುತ್ತೆ ಅಂತ ಡ್ರಾಪರಲ್ಲಿ ಬಾಯಿಗೆ ಬಿಟ್ಟೆ. ತುಟಿ ಚಪ್ಪರಿಸ್ಕೊಂಡು ಕುಡೀತು ಪುಟ್ಟಿ. ಅದೇ ನಂಗೆ ಮರೆಯಕ್ಕಾಗಲ್ಲ, ರುಚಿಯಾಗಿದೆ ಅಂತ ಕುಡೀತು.

ಮಾರನೇ ದಿನ ಒಂದು ಚೂರು ಸೌತೆಕಾಯಿ ತಿಂದಿತು. ನೋಡಿ, ಹುಷಾರಾಯ್ತು ಅಂತ ನಮ್ಮನೆಯವರ ಹತ್ರ ಜಂಬ ಕೊಚ್ಕೊಂಡು ಇನ್ನೆರಡು ಸಲ ಹಾಕಿದೆ. ಮೂರನೇ ದಿನ ಬೆಳಿಗ್ಗೆ ಭೇದಿ. ಹಿಂದೆಲ್ಲ ಒದ್ದೆ, ವಾಸನೆ, ಕಿವಿ ಮುಟ್ಟಿದ್ರೆ ಐಸ್ ಥರ ತಣ್ಣಗೆ. ಯಾರೋ ಹೇಳಿದ ಇನ್ನೊಬ್ಬರು ಡಾಕ್ಟರ ಹತ್ರ ಬೆತ್ತದ ಬುಟ್ಟೀಲಿ ಎತ್ಕೊಂಡು ಓಡಿದ್ವಿ. ಅವರು ಮೊದಲು ಕೇಳಿದ್ದೇ "ಏನಾದ್ರೂ ಔಷಧಿ ಹಾಕಿದ್ರಾ ಅಮ್ಮಾ" ಅಂತ. ಬಾಟ್ಲಿ ತೋರಿಸಿದೆ. ಓದಿ ಸುಮ್ಮನೆ ಟೇಬಲ್ ಮೇಲಿಟ್ರು. ಬೈದಿದ್ರೂ ಚೆನ್ನಾಗಿತ್ತು.

ಪಾಪ, ಕೂತು ವಿವರಿಸಿದ್ರು. ಇದರ ಹೊಟ್ಟೇಲಿ ದೊಡ್ಡದೊಂದು ಚೀಲ ಇರುತ್ತಂತೆ, ಹುಲ್ಲು ಅಲ್ಲಿ ಹುಳಿ ಬರೋದು, ನಮ್ಮ ದೋಸೆ ಹಿಟ್ಟಿನ ಹಾಗೆ. ಹುಳಿ ಬರಿಸೋ ಒಳ್ಳೆ ಕ್ರಿಮಿಗಳನ್ನೇ ಅಮೋಕ್ಸಿಸಿಲಿನ್ ಕೊಂದು ಹಾಕುತ್ತೆ. ಅವು ಹೋದ ಜಾಗದಲ್ಲಿ ಕೆಟ್ಟವು, ಕ್ಲಾಸ್ಟ್ರಿಡಿಯಂ ಅಂತೇನೋ ಅಂದ್ರು, ಅವು ತುಂಬ್ಕೊಂಡು ವಿಷ ಬಿಡುತ್ತಂತೆ. ಹೆಪ್ಪಿನ ಪಾತ್ರೆಗೆ ಕುದಿಯೋ ನೀರು ಹುಯ್ದ ಹಾಗೆ ಪುಟ್ಟಿ, ಹೆಪ್ಪೇ ಸತ್ತ ಮೇಲೆ ಮೊಸರೆಲ್ಲಿ? ಪೆನಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಇವೂ ಇವಕ್ಕೆ ಅಷ್ಟೇ ಅಪಾಯ, ಬಾಯಿಗೆ ಬೀಳಲೇಬಾರದು ಅಂದ್ರು. ಬೇಕಾದ್ರೆ ಕೊಡೋಕೆ ಬೇರೆ ಆಂಟಿಬಯೋಟಿಕ್ ಇದಾವೆ, ಅದು ಅವರು ನೋಡಿ ಕೊಡೋದು, ನಾವಲ್ಲ. ಆವತ್ತು ರಾತ್ರಿ ಹನ್ನೊಂದಕ್ಕೆ ಚುಕ್ಕಿ ನನ್ನ ತೊಡೆ ಮೇಲೇ ಹೋಯ್ತು.

ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಪಾಪು ಸಿರಪ್ ಹಾಕ್ಬೇಡ. ಅರ್ಧ ಹನಿ, ಕಾಲು ಹನಿ ಅಂತ ಲೆಕ್ಕ ಹಾಕ್ಬೇಡ. ನಿನ್ನ ಗಂಡ ಮೆಡಿಕಲ್ ಶಾಪಲ್ಲಿ ಕೇಳ್ಕೊಂಡು ಬರ್ತೀನಿ ಅಂದ್ರೂ ಬೇಡ ಅನ್ನು.

ಆವತ್ತು ಏನಾಯ್ತು ಗೊತ್ತಾ, ಮಾರನೇ ದಿನ ಹಾಸನದಲ್ಲಿ ಸೀಮಂತ. ನಾನು ಹೋಗ್ಲಿಲ್ಲ. ರಾತ್ರಿ ಎಲ್ಲ ನಿದ್ದೆ ಇಲ್ಲ, ಬೆಳಿಗ್ಗೆ ಹಿತ್ತಲಲ್ಲಿ ಗುಂಡಿ ತೋಡಿಸಿ, ಸ್ನಾನ ಮಾಡೋ ಹೊತ್ತಿಗೆ ಒಂಬತ್ತೂವರೆ, ಯಾವ ಬಸ್ ಹಿಡೀಲಿ? ಫೋನ್ ಮಾಡಿ ಹೇಳಿದೆ ಕೂಡ. ಅದಕ್ಕೆ ನಿಮ್ಮ ಹಾಸನದ ಅತ್ತೆ ಪಂಕ್ತೀಲಿ ಎಲ್ರ ಮುಂದೆ "ಅಕ್ಕ ಇಲಿ ಸೂತಕದಲ್ಲಿದಾರೆ" ಅಂದಳಂತೆ. ಎಲ್ಲ ನಕ್ಕರಂತೆ. ನಂಗೆ ಹೇಳಿದ್ದು ಯಾರು ಅಂತ ಹೇಳಲ್ಲ, ಅವರೂ ಈ ಗ್ರೂಪಲ್ಲಿದಾರೆ. ಇವತ್ತಿಗೂ ಯಾವ ಮದುವೆಗೆ ಹೋಗ್ಲಿ, ಮುಂಜಿಗೆ ಹೋಗ್ಲಿ, ಆ ಮಾತು ಬಂದೇ ಬರುತ್ತೆ. ನಗ್ಲಿ ಬಿಡು. ಅಮ್ಮ ಹಾಸಿಗೆ ಹಿಡಿದಾಗ ಹನ್ನೊಂದು ತಿಂಗಳು ಇಲ್ಲೇ ಇದ್ದಳಲ್ಲ, ಆಗ ಎಷ್ಟು ಸಲ ಬಂದ್ರು ಇವರು? ಬೆಡ್‌ಪ್ಯಾನ್ ತೊಳೆದೋರು ಯಾರು? ಬೆಳ್ಳಿ ಆರತಿ ತಟ್ಟೆ ಮಾತ್ರ ಕಾರ್ಯ ಮುಗಿದ ದಿನವೇ ಹಾಸನದ ಕಾರು ಹತ್ತಿತು. "ಪಾಲಿಶ್ ಮಾಡಿಸಿ ತರ್ತೀವಿ ಅಕ್ಕ" ಅಂದಿದ್ದು. ಯಾವ ಪಾಲಿಶಪ್ಪಾ ಅದು ಏಳು ವರ್ಷ ಆಗೋದು! ನಂಗೆ ತಟ್ಟೆ ಬೇಡ, ಅಮ್ಮ ಅದರಲ್ಲಿ ಕುಂಕುಮದ ನೀರು ಕಲಸ್ತಿದ್ಲು ಅಂತ ಹೇಳ್ತಿದೀನಿ ಅಷ್ಟೇ.

ಇರು, ಕುಕ್ಕರ್ ಕೂಗ್ತು, ಆಫ್ ಮಾಡಿ ಬರ್ತೀನಿ.

ಹಾಂ. ಎಲ್ಲಿದ್ದೆ? ತಟ್ಟೆ. ಅಯ್ಯೋ ತಟ್ಟೆ ಹಾಳಾಗೋಗ್ಲಿ, ನೀನು ಕೇಳಿದ್ದು ಗುಂಡಂದು. ಮುಖ್ಯ ವಿಷಯಾನೇ ಹೇಳ್ಲಿಲ್ಲ ನಾನು. ಬೇಗ ಬೇಗ ಹೇಳ್ತೀನಿ ಕೇಳು.

ಈಗ್ಲೇ ಅವನ ಹೊಟ್ಟೆ ಮುಟ್ಟಿ ನೋಡು. ತಮಟೆ ಥರ ಬಿಗಿಯಾಗಿ ಊದ್ಕೊಂಡಿದ್ರೆ ಬಾಯಿಗೆ ಏನೂ ಹಾಕ್ಬೇಡ, ನೀರೂ ಬೇಡ, ನೇರ ಡಾಕ್ಟರ ಹತ್ರ ಓಡು. ಇವಕ್ಕೆ ವಾಂತಿ ಮಾಡೋಕೂ ಬರಲ್ಲ, ಒಳಗೆ ಹೋಗಿದ್ದು ಅಲ್ಲೇ ಇರುತ್ತೆ. ಹೊಟ್ಟೆ ಮೆತ್ತಗಿದ್ರೆ ಹಸಿದಿರೋಕೆ ಬಿಡ್ಬೇಡ. ನಾವು ಏಕಾದಶಿ ಮಾಡಿದ ಹಾಗಲ್ಲ ಇದು, ಹೊಟ್ಟೆ ಖಾಲಿ ಬಿದ್ರೆ ಕರುಳು ನಿಂತೇ ಹೋಗುತ್ತೆ, ಆಮೇಲೆ ಲಿವರ್ರಿಗೆ ಕೊಬ್ಬು ಏರುತ್ತೆ. ನಿನ್ನೆ ರಾತ್ರಿಯಿಂದ ಅಂದ್ರೆ ಆಗಲೇ ತಡ. ನಾಳೆ ನೋಡೋಣ ಅನ್ನೋ ಹಾಗಿಲ್ಲ, ಇವತ್ತೇ ಹೋಗ್ಬೇಕು.

ಹೊರಡೋ ತನಕ, ಅವನು ತಿನ್ನೋ ಪೆಲೆಟ್ ಇದೆಯಲ್ಲ, ಅದನ್ನ ಬೆಚ್ಚಗಿನ ನೀರಲ್ಲಿ ನೆನೆಸಿ, ರಾಗಿ ಅಂಬಲಿ ಹದಕ್ಕೆ ಕಿವುಚು. ಸೂಜಿ ಇಲ್ಲದ ಒಂದು ಎಂಎಲ್ ಸಿರಿಂಜು. ಟವಲ್ಲಲ್ಲಿ ಸುತ್ತಿ ತೊಡೆ ಮೇಲೆ ಕೂರಿಸ್ಕೋ, ಮಗು ಥರ ಅಂಗಾತ ಮಲಗಿಸ್ಬೇಡ, ಶ್ವಾಸಕ್ಕೆ ಹೋಗುತ್ತೆ. ಮುಂದಿನ ಹಲ್ಲಿನ ಹಿಂದೆ, ಬಾಯಿ ಪಕ್ಕದಿಂದ ತೂರಿಸಿ, ಅರ್ಧರ್ಧ ಎಂಎಲ್ ಬಿಡು. ಅಗಿದು ನುಂಗಿದ ಮೇಲೆ ಇನ್ನೊಂದು. ದಿನಕ್ಕೆ ಒಂದು ಕೆಜಿ ತೂಕಕ್ಕೆ 50ರಿಂದ 80 ಎಂಎಲ್ ಬೇಕು, ಐದಾರು ಸಲಕ್ಕೆ ಹಂಚು, ರಾತ್ರೀನೂ ಎದ್ದು. ಡಾಕ್ಟ್ರು ಬೇರೆ ಲೆಕ್ಕ ಹೇಳಿದ್ರೆ ಅದೇ ಲೆಕ್ಕ.

ಇದೆಲ್ಲ ನಂಗೆ ಹೇಗೆ ಗೊತ್ತು ಅಂತೀಯಾ, ಚುಕ್ಕಿ ಆದ ಮೇಲೆ ಬೆಲ್ಲ ಬಂದನಲ್ಲ, ಅವನಿಗೂ ಲಾಕ್‌ಡೌನಲ್ಲಿ ಹೀಗೇ ಆಯ್ತು. ಅವನಿಗೆ ದವಡೆ ಹಲ್ಲು ಬೆಳೆದು ನಾಲಿಗೆ ಮೇಲೆ ಬಂದ್ಬಿಟ್ಟಿತ್ತು. ಸಾಯೋ ತನಕ ಹಲ್ಲು ಬೆಳೀತಾನೇ ಇರುತ್ತೆ ಇವಕ್ಕೆ, ಹುಲ್ಲು ಅಗಿದ್ರೇ ಸವೆಯೋದು. ಗುಂಡನ ಗದ್ದ ಒದ್ದೆ ಇದೆಯಾ ನೋಡು, ಇದ್ರೆ ಡಾಕ್ಟರಿಗೆ ಹೇಳು, ಹಿಂದಿನ ಹಲ್ಲು ನೋಡ್ತಾರೆ. ನಾನು, ನಮ್ಮನೆಯವರು ಪಾಳಿ ಹಾಕ್ಕೊಂಡು ಮೂರು ಗಂಟೆಗೊಂದ್ಸಲ ತಿನ್ನಿಸಿದ್ವಿ. ಎರಡನೇ ದಿನ ಸಂಜೆ ಒಂದು ಹಿಕ್ಕೆ ಹಾಕ್ದ, ಜೀರಿಗೆ ಕಾಳಷ್ಟು. ಯಾವಾಗ್ಲೂ ಬೇವಿನ ಬೀಜದ ಗಾತ್ರ ಇರ್ತಿತ್ತು. ನಮ್ಮನೆಯವರು ಅದನ್ನ ಕ್ಯಾಲೆಂಡರ್ ಹಾಳೆ ಮೇಲಿಟ್ಕೊಂಡು ಅಡುಗೆಮನೆಗೆ ಬಂದು, ಪ್ರಸಾದ ಕೊಡೋ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ್ರು. ಈ ಮನುಷ್ಯ ಅಸಹ್ಯ ಅಂತಿದ್ದೋರು!

ಇನ್ನು, ಮೈ ತಣ್ಣಗಿದ್ರೆ ಬಿಸಿನೀರಿನ ಬಾಟ್ಲಿ ಟವಲ್ ಸುತ್ತಿ ಪಕ್ಕಕ್ಕಿಡು, ಬೇಕಾದ್ರೆ ಅವನೇ ದೂರ ಸರಿಯೋಷ್ಟು ಜಾಗ ಇರ್ಲಿ. ಅಡುಗೆಮನೆ ತಕ್ಕಡೀಲಿ ದಿನಾ ಒಂದೇ ಹೊತ್ತಿಗೆ ತೂಕ ಬರೆದಿಡು. ನೋವಿಗೆ ಮನೇಲಿರೋ ಮಾತ್ರೆ ಪುಡಿ ಮಾಡಿ ಹಾಕ್ಬೇಡ, ತೂಕ ನೋಡಿ ಅವರೇ ಕೊಡ್ತಾರೆ. ವಿಟಮಿನ್ ಸಿ ಕೇಳು, ನಮ್ಮ ಹಾಗೇ ಇವುಗಳ ಮೈಲೂ ಅದು ತಯಾರಾಗಲ್ಲ, ಕಾಯಿಲೆ ಬಂದಾಗ ಜಾಸ್ತಿ ಬೇಕು. ಹುಷಾರಾದ ಮೇಲೆ ದಿನಾ ಒಂದು ಚೂರು ದೊಣ್ಣೆಮೆಣಸಿನಕಾಯಿ ಕೊಡು.

ಯಾರ ಹತ್ರ ಹೋಗೋದು ಅಂದ್ರೆ, ನಿಮ್ಮ ರಾಜಾಜಿನಗರದಿಂದ ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆ ಏನು ಬಹಳ ದೂರ ಇಲ್ಲ. ಇವತ್ತು ಶನಿವಾರ, ಎಷ್ಟು ಗಂಟೆ ತನಕ ಇರ್ತಾರೆ ಅಂತ ಮೊದಲು ಫೋನ್ ಮಾಡು. ಇಲ್ಲಾಂದ್ರೆ ಬೇರೆ ಕಡೆ ಕೇಳೋವಾಗ "ಮೊಲ, ಗಿನಿಪಿಗ್ ನೋಡ್ತೀರಾ" ಅಂತಾನೇ ಕೇಳು. ಸುಮ್ಮನೆ ಪೆಟ್ ಅಂದ್ರೆ ಬನ್ನಿ ಅಂತಾರೆ, ಹೋದ್ಮೇಲೆ ನಾಯಿ ಮಾತ್ರ ಅಂತಾರೆ. ಆಟೋಲಿ ಬುಟ್ಟಿ ಮೇಲೆ ಬಟ್ಟೆ ಹೊದಿಸ್ಕೋ, ಜೊತೆಗೆ ನಿಮ್ಮ ಆ ಇನ್ನೊಂದು ಗಿನಿಪಿಗ್‌ನೂ ಕರ್ಕೊಂಡು ಹೋಗು, ಒಂದೇ ಇದ್ರೆ ಹೆದರ್ಕೊಳುತ್ತೆ. ಹಿಂದಿನ ಹಿಕ್ಕೆ ಪಂಜರದಲ್ಲಿ ಏನಾದ್ರೂ ಉಳಿದಿದ್ರೆ ಒಂದು ಡಬ್ಬೀಲಿ ಹಾಕ್ಕೋ, ಕೇಳ್ತಾರೆ.

ಹೊರಟ ತಕ್ಷಣ ಒಂದು ಮೆಸೇಜ್ ಹಾಕು. ಸಿಂಕಿಗೆ ಸುರಿದೆಯಾ ಇಲ್ವಾ ಅದನ್ನೂ ಬರಿ. ಮತ್ತೆ ಹಾಸನದವನೇ, ನೀನು ಕೇಳಿಸ್ಕೊಂಡಿದ್ರೆ ಮೊದಲು ಆ ಹೆಬ್ಬೆಟ್ಟು ಡಿಲೀಟ್ ಮಾಡು.