ಅಡ್ಡ ನಿಂತವನು ನೀನೇ ಕಣೋ

“ಗುರು, ಈ ಇಯರ್‌ಬಡ್ಸ್ ದರ್ಶಿನಿಯಲ್ಲಿ ಕಾಫಿ ಕುಡಿಯುವಾಗ ಚೆನ್ನಾಗೇ ಹಾಡುತ್ತೆ. ಲಾಲ್‌ಬಾಗ್ ಬಂಡೆ ಹತ್ತಿದ್ರೆ ಸಾಕು, ಬಿಕ್ಕಳಿಕೆ ಶುರು!” ಎಂದ ಸೀನ.

“ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಹಿರಿಯರ ಮೇಲೆ ನಿಂತು ಹಾಡು ಹಾಕ್ತೀಯಲ್ಲ,” ಎಂದ ಪುಟ್ಟ.

“ಫೋನ್ ಎಲ್ಲಿಟ್ಟಿದ್ದೀಯ?” ವೆಂಕಿ ಕೇಳಿದ. ಅವನು ಆಂಟೆನಾ ಕೆಲಸದವನು. ಕೇಳಿದ್ರೂ ಹೇಳ್ತಾನೆ, ಕೇಳದಿದ್ರೂ ಹೇಳ್ತಾನೆ.

“ಹಿಂದಿನ ಎಡಜೇಬಲ್ಲಿ.”

“ಅಲ್ಲಿಂದ ಬಲಗಿವಿಗೆ ಬರೋಕೆ ನಿನ್ನನ್ನೇ ದಾಟ್ಬೇಕಲ್ಲಪ್ಪ! ಬ್ಲೂಟೂತ್ ಓಡೋದು 2.4 ಗಿಗಾಹರ್ಟ್ಸ್‌ನಲ್ಲಿ. ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರು, ಜೊತೆಗೆ ಉಪ್ಪು. ಮಾಂಸದೊಳಗೆ ಎರಡು ಮೂರು ಸೆಂಟಿಮೀಟರ್ ಹೋಗೋದ್ರಲ್ಲೇ ಅಲೆ ಸುಸ್ತು.”

“ಮೈಕ್ರೋವೇವ್ ಓವನ್ನಿಂದೂ ಅದೇ ಫ್ರೀಕ್ವೆನ್ಸಿ ಅಲ್ವಾ? ಅಯ್ಯೋ, ಸೀನ ಬೇಯ್ತಾ ಇದ್ದಾನೆ!”

“ಓವನ್ 800 ವ್ಯಾಟ್, ಇದು ಕೆಲವೇ ಮಿಲಿವ್ಯಾಟ್. ಇವನು ಉಗುರುಬೆಚ್ಚಗೂ ಆಗಲ್ಲ.”

“ಮತ್ತೆ ಸಿಗ್ನಲ್ ಕಿವಿಗೆ ಬರೋದು ಹೇಗೆ?”

“ಒಂದು, ಮೈಗೆ ಅಂಟಿಕೊಂಡು ಸೊಂಟ ಬಳಸಿ ತೆವಳ್ತಾ ಬರುತ್ತೆ. ಸುತ್ತಳತೆ ಹೆಚ್ಚಿದಷ್ಟೂ ಸೊರಗುತ್ತೆ.”

ಎಲ್ಲರ ಕಣ್ಣೂ ಸೀನನ ಸೊಂಟದ ಮೇಲೆ. “ನೋಡ್ಬೇಡ್ರೋ!”

“ಇನ್ನೊಂದು, ಗೋಡೆಗೆ, ಚಾವಣಿಗೆ ಬಡಿದು ವಾಪಸ್ ಬರುತ್ತೆ. ದರ್ಶಿನಿಯಲ್ಲಿ ಗೋಡೆ, ಸ್ಟೀಲ್ ಕೌಂಟರ್ ಎಲ್ಲಾ ಇದೆ. ಇಲ್ಲಿ ಸುತ್ತ ಬಟಾಬಯಲು. ಹೋದ ಅಲೆ ಹೋಯ್ತು, ಕೊಟ್ಟ ಸಾಲದ ಹಾಗೆ.”

“ನನ್ನ ಕಡೆ ನೋಡ್ಕೊಂಡು ಯಾಕೋ ಹೇಳ್ತೀಯ?” ಎಂದ ಪುಟ್ಟ. ಮಾತು ಮರೆಸೋಕೆ ತಾನೇ ಕೇಳಿದ, “ಈ ಕಿವಿಯಿಂದ ಆ ಕಿವಿಗೆ?”

“ನಡುವೆ ತಲೆ ಇದೆಯಲ್ಲ, ಅದೂ ತಡೆಯುತ್ತೆ.”

“ಸೀನನಿಗೆ ಆ ತೊಂದರೆ ಇಲ್ಲ. ಒಳಗೆ ಬಟಾಬಯಲು.”

“ಅದಕ್ಕೇ ಕೆಲವು ಶ್ರವಣಯಂತ್ರಗಳು ಎರಡು ಕಿವಿ ನಡುವೆ 10 ಮೆಗಾಹರ್ಟ್ಸ್ ಆಸುಪಾಸಿನ ಕಾಂತಕ್ಷೇತ್ರ ಬಳಸ್ತವೆ. ಅದು ಮೈಯನ್ನ ಲೆಕ್ಕಕ್ಕೇ ಇಡಲ್ಲ. ಇನ್ನು 1996ರಲ್ಲಿ ಐಬಿಎಂನ ಥಾಮಸ್ ಝಿಮ್ಮರ್‌ಮನ್ ಮೈಯನ್ನೇ ತಂತಿ ಮಾಡ್ಕೊಂಡ. ಚೂರೇ ಚೂರು ಕರೆಂಟು ಹರಿಸಿ, ಕೈ ಕುಲುಕಿದ್ರೆ ವಿಸಿಟಿಂಗ್ ಕಾರ್ಡಿನ ವಿವರ ಅತ್ತಲಿಂದಿತ್ತ ದಾಟೋ ಹಾಗೆ ಮಾಡಿ ತೋರಿಸಿದ.”

“ನಾವು ದೂರದಿಂದ ನಮಸ್ಕಾರ ಮಾಡೋ ಜನ. ನಮಗೆ ದಾಟಲ್ಲ ಬಿಡು,” ಎಂದ ಸೀನ, ಫೋನನ್ನ ಬಲಗೈಗೆ ತಗೊಳ್ತಾ. ಬಿಕ್ಕಳಿಕೆ ನಿಂತಿತು. “ಅಂದಹಾಗೆ ಕೈ ಕುಲುಕಿದ್ರೆ ದುಡ್ಡೂ ದಾಟುತ್ತಾ?”

ಪುಟ್ಟ ಎರಡೂ ಕೈ ಜೇಬಿಗೆ ಹಾಕ್ಕೊಂಡ.