ಸಹಾಯ ಬೇಕು: ದೊಡ್ಡ ಅಕ್ಷರದ ಕನ್ನಡ ಬೈಬಲ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಬೈಬಲ್‌ನ ಜ್ಞಾನೋಕ್ತಿಗಳು ಅನ್ನೋ ನೀತಿಮಾತುಗಳ ಭಾಗ ಓದುತ್ತೇವೆ. ಅಡಿಕೆ ಸುಲಿಯುವವರು, ಆಟೋದವರು, ರಿಟೈರ್ ಆದ ಮೇಷ್ಟ್ರು, ಎಲ್ಲರೂ ಬರುತ್ತಾರೆ. ಕ್ರೈಸ್ತರೇ ಆಗಬೇಕು ಅಂತೇನಿಲ್ಲ. 11ನೇ ಅಧ್ಯಾಯದ ಮೋಸದ ತಕ್ಕಡಿ ಮಾತು ಬಂದಾಗ ಅಡಿಕೆ ತೂಕದ ಬಗ್ಗೆ ಜೋರು ಚರ್ಚೆ! 27ರಲ್ಲಿ, ಬೆಳಬೆಳಗ್ಗೆ ಎದ್ದು ಗಟ್ಟಿಯಾಗಿ ಹರಸಿದರೆ ಅದು ಶಾಪವೇ ಅಂತಿದೆ. ಎಲ್ಲರೂ ಪಕ್ಕದ ಮನೆ ಅಣ್ಣನ ಮುಖ ನೋಡಿದರು.

ತೊಂದರೆ ಏನಂದ್ರೆ, ನಮ್ಮ ಪುಸ್ತಕದ ಅಕ್ಷರ ತೀರಾ ಸಣ್ಣ. ಕನ್ನಡಕ ಹಾಕಿದರೂ ಹಿರಿಯರಿಗೆ ಕಾಣುವುದಿಲ್ಲ. ದೊಡ್ಡ ಅಕ್ಷರದ್ದು ಶಿವಮೊಗ್ಗದಲ್ಲಿ ಎಲ್ಲಿ ಸಿಗುತ್ತದೆ? ಹಳೆಯದಾದರೂ ಆಗಬಹುದು, ದುಡ್ಡು ಕೊಡುತ್ತೇವೆ. ಓದು ಬಾರದವರೂ ಇದ್ದಾರೆ, ನೆಟ್‌ವರ್ಕ್ ಸುಮಾರು. ಜ್ಞಾನೋಕ್ತಿಗಳ ಎಲ್ಲ 31 ಅಧ್ಯಾಯಗಳ ಆಡಿಯೋ ಯಾರಾದರೂ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೀರಾ?