ಸಹಾಯ ಬೇಕು: ಯು ಜೆಮಿನೋರಮ್ ಬೆಳಕಿನ ಅಳತೆಗೆ ಜೊತೆಗಾರರು

ಎಲ್ಲರಿಗೂ ಶರಣು ಶರಣಾರ್ಥಿ. ಬೀದರ್ ಹತ್ತಿರದ ನಮ್ಮ ಹೊಲದಿಂದ ಮಿಥುನ ರಾಶಿಯ ಕುಬ್ಜ ನೋವಾ (ಆಗಾಗ ಸ್ಫೋಟಿಸಿ ಹೊಳೆಯುವ ಜೋಡಿ ತಾರೆ) ಯು ಜೆಮಿನೋರಮ್‌ನ ಬೆಳಕು ಅಳೆಯುತ್ತಿದ್ದೇನೆ. ಸ್ಫೋಟದಲ್ಲಿ ಕಾಂತಿಮಾನ (ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು) 9ರ ಆಸುಪಾಸು, ಸುಮ್ಮನಿದ್ದಾಗ 14. ಎರಡೂ ತಾರೆಗಳು ಒಂದನ್ನೊಂದು ಸುತ್ತುವ ಕಕ್ಷಾವಧಿ ಸುಮಾರು 4 ಗಂಟೆ 15 ನಿಮಿಷ. ಸುಮ್ಮನಿದ್ದಾಗ ಪ್ರತಿ ಸುತ್ತಿಗೂ ಬೆಳಕು ಮೊದಲು ಉಬ್ಬಿ, ಆಮೇಲೆ ಥಟ್ಟನೆ ಕುಸಿಯುತ್ತದೆ. ಸಂಗಾತಿ ತಾರೆಯಿಂದ ಹರಿಯುವ ಅನಿಲದ ಧಾರೆ, ಶ್ವೇತಕುಬ್ಜದ (ಜೋಡಿಯ ಪುಟ್ಟ, ಸಾಂದ್ರ ತಾರೆ) ಸುತ್ತಲಿನ ಅನಿಲದ ತಟ್ಟೆಗೆ ಬಡಿಯುವಲ್ಲಿ ಬಿಸಿ ಚುಕ್ಕೆ ಇದೆ; ಅದು ನಮ್ಮ ಕಡೆ ತಿರುಗಿದಾಗ ಉಬ್ಬು, ಸಂಗಾತಿ ತಾರೆ ಅದನ್ನು ಮರೆಮಾಡಿದಾಗ ಕುಸಿತ. ನೋಡಲು ಎಷ್ಟು ಚಂದ ರೀ!

ನನ್ನದು 8 ಇಂಚಿನ ದೂರದರ್ಶಕ. 60 ಸೆಕೆಂಡ್ ಎಕ್ಸ್‌ಪೋಶರ್‌ಗೆ ಕುಸಿತದ ತಳ ನಾಯ್ಸ್‌ನಲ್ಲಿ (ಅಳತೆಯ ಅಡ್ಡಾದಿಡ್ಡಿ ಏರಿಳಿತ) ಮುಚ್ಚಿಹೋಗುತ್ತದೆ; ಹೆಚ್ಚಿಸಿದರೆ ಗ್ರಹಣದ ಅಂಚು ಮಸುಕು. ಕಲಬುರಗಿ, ಯಾದಗಿರಿ ಕಡೆಯವರು ಯಾರಾದರೂ ಅದೇ ರಾತ್ರಿ ಅಳೆಯುತ್ತೀರಾ? ಇಬ್ಬರದೂ ವಿ ಫಿಲ್ಟರ್ (ಹಸಿರು-ಹಳದಿ ಬೆಳಕನ್ನು ಬಿಡುವ ಶೋಧಕ), ಅದೇ ಹೋಲಿಕೆ ತಾರೆ (ಹೋಲಿಸಿ ಅಳೆಯಲು ಬಳಸುವ, ಹೊಳಪು ಬದಲಾಗದ ತಾರೆ) ಇರಲಿ. ಕಂಪ್ಯೂಟರ್ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿರಬೇಕು, ಇದು ಮುಖ್ಯ. ಕಾಮೆಂಟ್‌ನಲ್ಲಿ ತಿಳಿಸಿ.